ಮುಚ್ಚಳಿಕೆಗೆ ಮುಗಿಯದ ಕೇಸು

ಹಾವೇರಿ ಜಿಲ್ಲೆಯ ಗುತ್ತಲದಂಥ ಊರಿನಲ್ಲಿ ಹೊಡೆತ ತಿಂದ ಹೆಂಗಸು ಠಾಣೆಯ ಮೆಟ್ಟಿಲು ಹತ್ತುವುದರೊಳಗೆ ಸುದ್ದಿ ಓಣಿ ತುಂಬಿರುತ್ತದೆ. ಹಿರಿಯರು ಹಿಂದೆಯೇ ಬರುತ್ತಾರೆ. ‘ಇಷ್ಟಕ್ಕೆಲ್ಲಾ ಕೇಸು ಯಾಕವ್ವಾ, ಹೊಂದ್ಕೊಂಡು ಹೋಗು’ ಎನ್ನುತ್ತಾರೆ. ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಮನೆಗೆ ಕಳಿಸುವುದು ನಮ್ಮ ಠಾಣೆಗಳ ಹಳೇ ರೂಢಿ. ಇದು ಗುತ್ತಲವೊಂದರ ಮಾತಲ್ಲ.

ಕಾನೂನು ಇಂಥ ಹೆಂಗಸಿನತ್ತ ಮೊದಲು ನೋಡಿದ್ದೇ ಹೆಚ್ಚಾಗಿ ಸತ್ತ ಮೇಲೆ. ‘ಸ್ಟೋವ್ ಸಿಡಿದು ಸಾವು’ ಎಂದು ಮುಚ್ಚಿಹೋಗುತ್ತಿದ್ದ ಪ್ರಕರಣಗಳ ಬೆನ್ನು ಹತ್ತಿದ್ದು ಬೆಂಗಳೂರಿನ ವಿಮೋಚನಾದಂಥ ಮಹಿಳಾ ಸಂಘಟನೆಗಳು. 1983ರಲ್ಲಿ ದಂಡಸಂಹಿತೆಗೆ ಗಂಡ ಮತ್ತವನ ಮನೆಯವರ ಕ್ರೌರ್ಯದ 498ಎ ಸೇರಿತು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ. ಗಂಡನನ್ನು ಜೈಲಿಗೆ ಹಾಕಿಸುವ ದಾರಿ ತೆರೆಯಿತು. ಆದರೆ ಇವತ್ತು ರಾತ್ರಿ ಅವಳು ಎಲ್ಲಿ ಮಲಗಬೇಕು? ಆ ಪ್ರಶ್ನೆಗೆ ಉತ್ತರ ಬಂದದ್ದು 2006ರ ಅಕ್ಟೋಬರ್ 26ರಂದು ಜಾರಿಯಾದ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಿಂದ. ಅದು ಹಂಚಿಕೊಂಡ ಮನೆಯಲ್ಲಿ ವಾಸಿಸುವ ಹಕ್ಕನ್ನು ಅವಳಿಗೆ ಕೊಟ್ಟಿತು. ಬೇಕಾದರೆ ಗಂಡನನ್ನೇ ಹೊರಗಿಡುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು.

ಪೊಲೀಸರ ಕರ್ತವ್ಯ ಆ ಕಾಯ್ದೆಯ 5ನೇ ಕಲಮಿನಲ್ಲಿದೆ. ದೂರು ಬಂದರೂ, ಬರೀ ಸುದ್ದಿ ತಲುಪಿದರೂ ಸಾಕು: ರಕ್ಷಣಾ ಆದೇಶ, ಸಂರಕ್ಷಣಾಧಿಕಾರಿ, ಉಚಿತ ಕಾನೂನು ನೆರವು, ಕ್ರಿಮಿನಲ್ ದೂರು ಕೊಡುವ ಹಕ್ಕು, ಇಷ್ಟನ್ನೂ ಅವಳಿಗೆ ತಿಳಿಸಲೇಬೇಕು. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ಅಂಗನವಾಡಿಯ ಮೊಟ್ಟೆ ಲೆಕ್ಕವೂ ಅವರ ಹೆಗಲ ಮೇಲೆಯೇ ಇರುವುದರಿಂದ ರಾತ್ರಿ ಹತ್ತಕ್ಕೆ 112ಕ್ಕೆ ಬಂದ ಕರೆಗೆ ಕದ ತಟ್ಟುವವನು ಕಾನ್‌ಸ್ಟೆಬಲ್ಲೇ.

ಅವನು ಮೊದಲು ಗಂಡನನ್ನು ಬೇರೆ ಕೂರಿಸಬೇಕು, ಅತ್ತೆಯ ಕಿವಿಗೆ ಬೀಳದಂತೆ ಅವಳೊಬ್ಬಳನ್ನೇ ಮಾತಾಡಿಸಬೇಕು. ಗಾಯವಿದ್ದರೆ ಆಸ್ಪತ್ರೆಗೆ ಕರೆದೊಯ್ದು ಗಾಯದ ವೈದ್ಯಕೀಯ-ಕಾನೂನು ದಾಖಲೆ (ಎಂಎಲ್‌ಸಿ) ಮಾಡಿಸಬೇಕು. ಅದಿಲ್ಲದೆ ಆಮೇಲಿನ ಕೇಸು ಬಾಯಿಮಾತಾಗುವ ಅಪಾಯವಿದೆ. ಮಕ್ಕಳನ್ನೂ ನೋಡಬೇಕು.

ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು 498ಎ ಕೇಸುಗಳಲ್ಲಿ ‘ಸುಮ್ಮನೆ ಬಂಧಿಸಬೇಡಿ’ ಎಂದದ್ದನ್ನು ಕೆಲವರು ‘ಸುಮ್ಮನೆ ದಾಖಲಿಸಬೇಡಿ’ ಎಂದು ಓದಿಕೊಂಡರು. ಅದು ತಪ್ಪು. 2024ರ ಜುಲೈನಿಂದ 498ಎ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನ ದೂರುಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಅವಕಾಶವಿದ್ದರೂ ಡಿವೈಎಸ್‌ಪಿ ಅನುಮತಿ ಬೇಕು, 14 ದಿನದಲ್ಲಿ ಮುಗಿಯಬೇಕು.

ಗಂಡನ ಹಿಂಸೆ ಅನುಭವಿಸಿದ್ದೇವೆ ಎಂದ ರಾಜ್ಯದ ವಿವಾಹಿತೆಯರ ಪ್ರಮಾಣ ಎರಡು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ ಶೇ 20.6ರಿಂದ 44.4ಕ್ಕೇರಿದೆ. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಅಂಕಿ ಹೇಳುವುದಿಲ್ಲ. ಧೈರ್ಯ ಮಾಡಿದವಳಿಗೆ ಠಾಣೆ ಹೇಗಿರಬೇಕೆಂಬುದಕ್ಕೆ ಮಧ್ಯಪ್ರದೇಶದ 180 ಠಾಣೆಗಳ ಪ್ರಯೋಗ ಒಂದು ಸುಳಿವು ಕೊಟ್ಟಿದೆ. ಅಲ್ಲಿ ಮಹಿಳೆಯರಿಗೆಂದೇ ಮೇಜು ಹಾಕಿ, ತರಬೇತಿ ಕೊಟ್ಟ ಸಿಬ್ಬಂದಿಯನ್ನು ಕೂರಿಸಿದ ಮೇಲೆ ದಾಖಲಾಗುವ ಪ್ರಕರಣಗಳು ಹೆಚ್ಚಿದವು.

ಮುಚ್ಚಳಿಕೆ ಮುರಿದವನಿಗೆ ಇನ್ನೊಂದು ಮುಚ್ಚಳಿಕೆ. ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ₹20,000ದವರೆಗೆ ದಂಡ, ಅಥವಾ ಎರಡೂ. ಪೊಲೀಸರು ವಾರಂಟ್ ಇಲ್ಲದೆಯೇ ಹಿಡಿಯಬಹುದು. ಆ ಆದೇಶ ಕೋರಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹೋದರೆ ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನದೊಳಗೆ ಇಟ್ಟುಕೊಳ್ಳಬೇಕೆನ್ನುತ್ತದೆ ಕಾಯ್ದೆ. ಹಾವೇರಿಯಾಗಲಿ, ರಾಣೆಬೆನ್ನೂರು, ಬ್ಯಾಡಗಿಯಾಗಲಿ, ರಾತ್ರಿ ಕರೆಗೆ ಹೋದ ಕಾನ್‌ಸ್ಟೆಬಲ್ ಬೆಳಿಗ್ಗೆ ಸಿಡಿಪಿಒ ಕಚೇರಿಗೆ ಅವಳ ವಿವರ ಮುಟ್ಟಿಸಿದರೆ ಆ ಅರ್ಜಿ ಅಲ್ಲಿಂದ ಹೊರಡುತ್ತದೆ.