ಪ್ರೋಸ್ಟೇಟ್ ಕ್ಯಾನ್ಸರ್ ಉಗ್ರವಾಗುವುದು ಹೇಗೆ?

ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಸುಮಾರು 20 ಗ್ರಾಂ ತೂಕದ ಒಂದು ಗ್ರಂಥಿ ಇದೆ. ಅದೇ ಪ್ರೋಸ್ಟೇಟ್. ವೀರ್ಯದ ದ್ರವಾಂಶದ ಒಂದು ಭಾಗ ಇಲ್ಲಿ ತಯಾರಾಗುತ್ತದೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 14 ಲಕ್ಷ ಮಂದಿಗೆ ಈ ಗ್ರಂಥಿಯ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಅದೇ ವರ್ಷ ಇದರಿಂದ ಸತ್ತವರು ಸುಮಾರು 3.75 ಲಕ್ಷ. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಿ. ಬೇರೆ ಕಾರಣಗಳಿಂದ ತೀರಿಕೊಂಡ ವಯೋವೃದ್ಧರ ಶವಪರೀಕ್ಷೆ ಮಾಡಿದಾಗಲೂ ಅನೇಕರ ಪ್ರೋಸ್ಟೇಟ್‌ನಲ್ಲಿ ಕ್ಯಾನ್ಸರ್ ಕಾಣಸಿಗುತ್ತದೆ. ಬದುಕಿದ್ದಾಗ ಅದು ಅವರಿಗೆ ಯಾವ ತೊಂದರೆಯನ್ನೂ ಕೊಟ್ಟಿರುವುದಿಲ್ಲ. ಆದರೆ ಇದೇ ಕ್ಯಾನ್ಸರ್ ಇನ್ನು ಕೆಲವರಲ್ಲಿ ಒಂದೆರಡು ವರ್ಷಗಳಲ್ಲೇ ಮೂಳೆಗಳಿಗೆ ಹಬ್ಬಿ ಪ್ರಾಣ ತೆಗೆಯುತ್ತದೆ.

ಹಾಗಾದರೆ ಯಾರಿಗೆ ಶಸ್ತ್ರಚಿಕಿತ್ಸೆ ಮಾಡಬೇಕು, ಯಾರನ್ನು ಸುಮ್ಮನೆ ಬಿಟ್ಟು ಗಮನಿಸುತ್ತಿರಬೇಕು? ಬ್ರಿಟನ್ನಿನಲ್ಲಿ 1,643 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ ಚಿಕಿತ್ಸೆ, ಮೂರನೆಯದಕ್ಕೆ ಬರಿಯ ನಿಗಾ – ಹೀಗೆ ಪರೀಕ್ಷಿಸಿದರು. 15 ವರ್ಷಗಳ ಫಲಿತಾಂಶ 2023ರಲ್ಲಿ ಹೊರಬಂತು. ಮೂರೂ ಗುಂಪುಗಳಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ ಸುಮಾರು ಮೂವರು ಮಾತ್ರ. ಆದರೆ ಕ್ಯಾನ್ಸರ್ ಬೇರೆಡೆಗೆ ಹರಡಿದ ಪ್ರಕರಣಗಳು ನಿಗಾದ ಗುಂಪಿನಲ್ಲಿ ಉಳಿದವುಗಳ ಸುಮಾರು ಎರಡು ಪಟ್ಟು ಇದ್ದವು. ಚಿಕಿತ್ಸೆಗೂ ಬೆಲೆ ಇದೆ: ಮೂತ್ರದ ಹತೋಟಿ ತಪ್ಪುವುದು, ಲೈಂಗಿಕ ಶಕ್ತಿ ಕುಂದುವುದು. ಅನಗತ್ಯವಾಗಿ ಚಿಕಿತ್ಸೆ ಪಡೆದವನು ಇದನ್ನು ಜೀವಮಾನವಿಡೀ ತೆರಬೇಕಾಗಬಹುದು. ಅಗತ್ಯವಿದ್ದೂ ಪಡೆಯದವನು ಪ್ರಾಣವನ್ನೇ ತೆರಬೇಕಾದೀತು.

ಸಾಧು ಗಂತಿಯನ್ನೂ ಉಗ್ರ ಗಂತಿಯನ್ನೂ ಬೇರ್ಪಡಿಸಲು ಅಮೆರಿಕದ ಡೊನಾಲ್ಡ್ ಗ್ಲೀಸನ್ 1966ರಲ್ಲಿ ಒಂದು ಕ್ರಮ ಸೂಚಿಸಿದರು. ಸೂಕ್ಷ್ಮದರ್ಶಕದಲ್ಲಿ ಕೋಶಗಳ ಜೋಡಣೆ ಎಷ್ಟು ಕೆಟ್ಟಿದೆ ಎಂದು ನೋಡಿ 1ರಿಂದ 5ರವರೆಗೆ ಅಂಕ ಕೊಡುವುದು. ಹೆಚ್ಚು ಕಾಣುವ ಎರಡು ವಿನ್ಯಾಸಗಳ ಅಂಕಗಳನ್ನು ಕೂಡುವುದು. ಇಂದಿಗೂ ಇದೇ ಆಧಾರ. ಆದರೆ ಮೊತ್ತ 7 ಬಂದ ಇಬ್ಬರಲ್ಲಿ ಒಬ್ಬನದು 3+4, ಇನ್ನೊಬ್ಬನದು 4+3 ಆಗಿರಬಹುದು. ಎರಡನೆಯದು ಹೆಚ್ಚು ಅಪಾಯಕಾರಿ. ಕೂಡಿದರೆ ಮಾಹಿತಿ ಕಳೆದುಹೋಗುತ್ತದೆ ಎಂಬುದನ್ನು ಭೌತವಿಜ್ಞಾನದವರಿಗೆ ಬಿಡಿಸಿ ಹೇಳಬೇಕಿಲ್ಲ! ಅದಕ್ಕಿಂತ ಮುಖ್ಯವಾದ ಮಾತೆಂದರೆ, ಕೋಶಗಳ ಆಕಾರ ಒಂದು ಪರಿಣಾಮ. ಕಾರಣವನ್ನು ಅದರೊಳಗಿನ ಜೀನ್‌ಗಳಲ್ಲಿ ಹುಡುಕಬೇಕು.

ಪ್ರೋಸ್ಟೇಟ್‌ನ ಕೋಶದಲ್ಲೂ ಕಣ್ಣಿನ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಸುಮಾರು 20,000 ಪ್ರೋಟೀನು ಜೀನ್‌ಗಳಲ್ಲಿ ಯಾವುವು ಕೆಲಸ ಮಾಡುತ್ತಿವೆ, ಯಾವುವು ಸುಮ್ಮನಿವೆ ಎಂಬುದರಿಂದ ಕೋಶಗಳ ಸ್ವರೂಪ ಬೇರೆಯಾಗುತ್ತದೆ. ಕೆಲಸ ಮಾಡುವ ಜೀನಿನಿಂದ ಸಂದೇಶವಾಹಕ ಆರ್‌ಎನ್‌ಎ ಪ್ರತಿಗಳು ಹೊರಡುತ್ತವೆ. ಅವುಗಳನ್ನು ಎಣಿಸಿದರೆ ಆ ಜೀನಿನ ಚಟುವಟಿಕೆ ಎಷ್ಟೆಂದು ತಿಳಿಯುತ್ತದೆ.

ಪ್ರೋಸ್ಟೇಟ್ ಕೋಶದ ಮುಖ್ಯ ಸ್ವಿಚ್ಚು ಪುರುಷ ಹಾರ್ಮೋನು. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್, ವೃಷಣಗಳನ್ನು ತೆಗೆದರೆ ಹರಡಿದ ಪ್ರೋಸ್ಟೇಟ್ ಕ್ಯಾನ್ಸರ್ ಕೂಡ ಹಿಮ್ಮೆಟ್ಟುತ್ತದೆಂದು ತೋರಿಸಿದರು. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇದರ ಹಿಂದಿನ ವ್ಯವಸ್ಥೆ ಹೀಗಿದೆ. ವೃಷಣದಲ್ಲಿ ತಯಾರಾದ ಟೆಸ್ಟೋಸ್ಟಿರೋನ್ ಪ್ರೋಸ್ಟೇಟ್ ಕೋಶವನ್ನು ಹೊಕ್ಕು ಇನ್ನೂ ಪ್ರಬಲವಾದ ರೂಪಕ್ಕೆ ಬದಲಾಗುತ್ತದೆ. ಆ ರೂಪ ಒಂದು ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹಾರ್ಮೋನು ಕೂಡಿದ ಗ್ರಾಹಕ ಕೋಶಕೇಂದ್ರದೊಳಗೆ ಹೋಗಿ ಡಿಎನ್‌ಎ ಮೇಲೆ ನಿಗದಿತ ಜಾಗಗಳಲ್ಲಿ ಕುಳಿತು ಹಲವಾರು ಜೀನ್‌ಗಳನ್ನು ಚಾಲೂ ಮಾಡುತ್ತದೆ. ರಕ್ತಪರೀಕ್ಷೆಯಲ್ಲಿ ಅಳೆಯುವ ಪಿಎಸ್‌ಎ ಎಂಬ ಪ್ರೋಟೀನಿನ ಜೀನು ಅವುಗಳಲ್ಲೊಂದು.

ಹಾರ್ಮೋನು ತಡೆದರೆ ಪಿಎಸ್‌ಎ ಇಳಿಯುತ್ತದೆ, ರೋಗಿ ಸುಧಾರಿಸುತ್ತಾನೆ. ಆದರೆ ಕೆಲವು ತಿಂಗಳುಗಳಲ್ಲೋ ವರ್ಷಗಳಲ್ಲೋ ಅದು ಮತ್ತೆ ಏರತೊಡಗುವುದು ಸಾಮಾನ್ಯ. ಹಾರ್ಮೋನು ಇಲ್ಲದೆ ಸ್ವಿಚ್ಚು ಹೇಗೆ ಒತ್ತಲ್ಪಟ್ಟಿತು? ರೇಡಿಯೋದಲ್ಲಿ ದುರ್ಬಲ ನಿಲ್ದಾಣವನ್ನು ಕೇಳಬೇಕಾದರೆ ನಾವು ವರ್ಧಕದ ಗಳಿಕೆಯನ್ನು ಏರಿಸುತ್ತೇವಲ್ಲವೆ? ಕ್ಯಾನ್ಸರ್ ಕೋಶವೂ ಹಾಗೆಯೇ ಮಾಡುತ್ತದೆ. ಗ್ರಾಹಕದ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಸಿನ ಕೋಶದಲ್ಲಿ ಅದಕ್ಕೆ ಒಂದೇ ಪ್ರತಿ. 1995ರಲ್ಲಿ ವಿಸಕೊರ್ಪಿ ಮತ್ತು ಸಂಗಡಿಗರು, ಹಾರ್ಮೋನು ಚಿಕಿತ್ಸೆಯ ನಂತರ ಮರುಕಳಿಸಿದ ಗಂತಿಗಳಲ್ಲಿ ಶೇಕಡಾ 30ರಷ್ಟರಲ್ಲಿ ಈ ಜೀನಿನ ಪ್ರತಿಗಳು ಹೆಚ್ಚಾಗಿರುವುದನ್ನು ಕಂಡರು. ಅದೇ ರೋಗಿಗಳಿಂದ ಚಿಕಿತ್ಸೆಗೆ ಮೊದಲು ತೆಗೆದ ಮಾದರಿಗಳಲ್ಲಿ ಈ ಹೆಚ್ಚಳ ಇರಲಿಲ್ಲ. ಅಂದರೆ, ಬಹಳ ಗ್ರಾಹಕಗಳನ್ನು ಹೊಂದಿದ ಕೋಶಗಳು ಉಳಿದ ಅಲ್ಪಸ್ವಲ್ಪ ಹಾರ್ಮೋನಿನಲ್ಲೇ ಬದುಕಿ ವೃದ್ಧಿಯಾದವು. ಇದು ಡಾರ್ವಿನ್ನನ ಆಯ್ಕೆಯೇ. ನಡೆದದ್ದು ಮಾತ್ರ ಒಬ್ಬ ಮನುಷ್ಯನ ದೇಹದೊಳಗೆ.

ಇನ್ನೂ ಚತುರವಾದ ದಾರಿಯೊಂದಿದೆ. ಹಾರ್ಮೋನು ಅಂಟುವ ಭಾಗವೇ ಇಲ್ಲದ ಮೊಟಕು ಗ್ರಾಹಕವನ್ನು ಕೆಲವು ಕೋಶಗಳು ತಯಾರಿಸುತ್ತವೆ. ಎಆರ್-ವಿ7 ಎಂಬ ಈ ಗ್ರಾಹಕ ಹಾರ್ಮೋನಿಗೆ ಕಾಯದೆ ಸದಾ ಚಾಲೂ ಇರುತ್ತದೆ. ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕೋಶಗಳಲ್ಲಿ ಇದರ ಆರ್‌ಎನ್‌ಎ ಇದ್ದ ರೋಗಿಗಳಿಗೆ ಅಬಿರಾಟೆರೋನ್, ಎಂಜಲುಟಮೈಡ್ ಎಂಬ ಹೊಸ ಔಷಧಿಗಳು ಹತ್ತುವುದಿಲ್ಲವೆಂದು 2014ರಲ್ಲಿ ವರದಿಯಾಯಿತು. ಬೀಗದ ಕೈ ಕಿತ್ತುಕೊಂಡರೇನು, ಬಾಗಿಲಿಗೆ ಬೀಗವೇ ಇಲ್ಲವಾದರೆ?

ತರಗತಿಯಲ್ಲಿ ಮಾಡಿಸಬಹುದಾದ ಒಂದು ಲೆಕ್ಕ ಇಲ್ಲಿದೆ. ಶಸ್ತ್ರಚಿಕಿತ್ಸೆಯಾದ ಮೇಲೆ ಪಿಎಸ್‌ಎ ಹೆಚ್ಚುಕಡಿಮೆ ಸೊನ್ನೆಯಾಗಬೇಕು. ಒಬ್ಬನಲ್ಲಿ ಅದು ಮತ್ತೆ ಕಾಣಿಸಿಕೊಂಡು 12 ತಿಂಗಳಲ್ಲಿ 0.5ರಿಂದ 2.0ಕ್ಕೆ ಏರಿತು ಎನ್ನೋಣ. ಎರಡು ಸಲ ಇಮ್ಮಡಿಯಾಯಿತು. ಇಮ್ಮಡಿಯ ಅವಧಿ 6 ತಿಂಗಳು. ವಿಕಿರಣಪಟು ಧಾತುವಿನ ಅರ್ಧಾಯುವಿನ ಸೂತ್ರವೇ ಇದು, ಚಿಹ್ನೆ ಮಾತ್ರ ತಿರುಗಿದೆ. ಲಾಗರಿತಮ್ ಕಾಗದದ ಮೇಲೆ ಬಿಂದುಗಳನ್ನು ಗುರುತಿಸಿದರೆ ನೇರ ಗೆರೆ ಸಿಗುತ್ತದೆ. ಈ ಅವಧಿ 3 ತಿಂಗಳಿಗಿಂತ ಕಡಿಮೆಯಿದ್ದರೆ ಕ್ಯಾನ್ಸರ್ ಬಹಳ ಉಗ್ರವೆಂದು ವೈದ್ಯರು ಎಣಿಸುತ್ತಾರೆ. ಪಿಎಸ್‌ಎಯ ಒಂದೇ ಅಳತೆಗಿಂತ ಗೆರೆಯ ಓರೆ ಹೆಚ್ಚು ಹೇಳುತ್ತದೆ. ಶಸ್ತ್ರಚಿಕಿತ್ಸೆ ಆಗದವರಲ್ಲಿ ಗ್ರಂಥಿ ವಯೋಸಹಜವಾಗಿ ಊದಿಕೊಂಡರೂ, ಸೋಂಕು ತಗಲಿದರೂ ಪಿಎಸ್‌ಎ ಏರುತ್ತದೆ ಎಂಬುದನ್ನೂ ಮರೆಯಬಾರದು.

ಪುರುಷ ಹಾರ್ಮೋನಿನ ಸ್ವಿಚ್ಚಿಗೆ ತಪ್ಪಾದ ದೀಪ ಜೋಡಣೆಯಾಗುವುದೂ ಉಂಟು. 2005ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡ ಇದನ್ನು ಪತ್ತೆಹಚ್ಚಿತು. 21ನೆಯ ವರ್ಣತಂತುವಿನಲ್ಲಿ ಟಿಎಂಪಿಆರ್‌ಎಸ್‌ಎಸ್2 ಎಂಬ ಜೀನು ಹಾರ್ಮೋನಿಗೆ ಓಗೊಡುತ್ತದೆ. ಅದರಿಂದ ಸುಮಾರು 30 ಲಕ್ಷ ಅಕ್ಷರಗಳಷ್ಟು ದೂರದಲ್ಲಿ ಇಆರ್‌ಜಿ ಎಂಬ ಇನ್ನೊಂದು ಜೀನಿದೆ. ಪ್ರೋಸ್ಟೇಟ್ ಕೋಶದಲ್ಲಿ ಅದು ಸುಮ್ಮನಿರಬೇಕಾದದ್ದು. ನಡುವಿನ ತುಂಡು ಕಳಚಿಹೋದರೆ ಮೊದಲನೆಯದರ ಸ್ವಿಚ್ಚು ಎರಡನೆಯದಕ್ಕೆ ಬಂದು ಕೂಡುತ್ತದೆ. ಪಾಶ್ಚಾತ್ಯರ ಪ್ರೋಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಬೆಸುಗೆ ಇದೆ. ಪೂರ್ವ ಏಷ್ಯದವರಲ್ಲಿ ಕಡಿಮೆ. ಆದರೆ ಬೆಸುಗೆ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಉಗ್ರ ಎನ್ನುವಂತಿಲ್ಲ. ಅದು ಆರಂಭದ ಹೆಜ್ಜೆ. ಉಗ್ರತೆಗೆ ಬೇರೆ ಪೆಟ್ಟುಗಳೂ ಬೀಳಬೇಕು.

ಅಂಥ ಪೆಟ್ಟುಗಳಲ್ಲಿ ಹೆಚ್ಚಿನವು ಕೋಶದ ಬ್ರೇಕುಗಳ ಮೇಲೆ ಬೀಳುತ್ತವೆ. ಪಿಟೆನ್ ಜೀನು ಬೆಳವಣಿಗೆಯ ಸಂಕೇತವನ್ನು ಆರಿಸುತ್ತದೆ; ಪಿ53 ಕೆಟ್ಟ ಕೋಶವನ್ನು ನಿಲ್ಲಿಸುತ್ತದೆ ಅಥವಾ ಕೊಲ್ಲುತ್ತದೆ; ಆರ್‌ಬಿ1 ಕೋಶ ವಿಭಜನೆಗೆ ತಡೆ. ಬಿಆರ್‌ಸಿಎ2 ಮುರಿದ ಡಿಎನ್‌ಎಯನ್ನು ಸರಿಪಡಿಸುವ ಜೀನು. ಸ್ತನ ಕ್ಯಾನ್ಸರ್ ಸಂದರ್ಭದಲ್ಲಿ ಇದರ ಹೆಸರನ್ನು ಓದುಗರು ಕೇಳಿರಬಹುದು. ಹುಟ್ಟಿನಿಂದಲೇ ಇದರಲ್ಲಿ ದೋಷವಿರುವ ಗಂಡಸರಿಗೆ ಬರುವ ಪ್ರೋಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ ಉಗ್ರ ಬಗೆಯದು. ತಾಯಿಯ ಕಡೆಯಿಂದಲೂ ಈ ದೋಷ ಮಗನಿಗೆ ಬರಬಲ್ಲದು. ಆದ್ದರಿಂದ ಮನೆತನದ ಹೆಂಗಸರಲ್ಲಿದ್ದ ಸ್ತನ ಅಥವಾ ಅಂಡಾಶಯದ ಕ್ಯಾನ್ಸರನ್ನೂ ವೈದ್ಯರಿಗೆ ತಿಳಿಸಬೇಕು. ಹೀಗೆ ದುರಸ್ತಿ ಕೆಟ್ಟ ಕ್ಯಾನ್ಸರ್‌ಗಳು ಹರಡಿದಾಗ ಕೊಡಲು ಓಲಾಪರಿಬ್ ಎಂಬ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಜೀನಿನ ಅಕ್ಷರಗಳು ಸರಿಯಿದ್ದೂ ಅದು ಮೌನವಾಗಬಹುದು. ಒಂದು ಕೋಶದ ಡಿಎನ್‌ಎ ಬಿಚ್ಚಿ ಉದ್ದಕ್ಕೆ ಹಿಡಿದರೆ ಸುಮಾರು ಎರಡು ಮೀಟರು. ಅದು ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ ಉಂಡೆಗೆ ನೂಲು ಸುತ್ತಿದಂತೆ ಸುತ್ತಿಕೊಂಡಿದೆ. ಬಿಗಿಯಾಗಿ ಸುತ್ತಿದ ಕಡೆ ಜೀನನ್ನು ಓದಲಾಗದು. ಇಜೆಡ್‌ಎಚ್2 ಎಂಬ ಕಿಣ್ವ ಹಿಸ್ಟೋನಿನ ಒಂದು ನಿರ್ದಿಷ್ಟ ಜಾಗಕ್ಕೆ ಮೀಥೈಲ್ ಗುಂಪುಗಳನ್ನು ಅಂಟಿಸಿ ಅಲ್ಲಿನ ಜೀನ್‌ಗಳನ್ನು ಮುಚ್ಚಿಸುತ್ತದೆ. ಗ್ರಂಥಿಯೊಳಗೇ ಇದ್ದ ಗಂತಿಗಳಿಗಿಂತ ಹರಡಿದ ಗಂತಿಗಳಲ್ಲಿ ಈ ಕಿಣ್ವದ ಜೀನು ಹೆಚ್ಚು ಚಟುವಟಿಕೆಯಿಂದಿರುವುದನ್ನು ಮಿಷಿಗನ್ ತಂಡವೇ 2002ರಲ್ಲಿ ತೋರಿಸಿತ್ತು. ಬ್ರೇಕಿನ ಜೀನ್‌ಗಳನ್ನು ಮುರಿಯದೆ, ಅವುಗಳ ಮೇಲೆ ಮುಚ್ಚಳ ಹಾಕಿದ ಹಾಗೆ.

ಅತ್ಯಂತ ಕೆಟ್ಟ ಸ್ಥಿತಿಯಲ್ಲಿ ಕೋಶ ತನ್ನ ಗುರುತನ್ನೇ ಬದಲಿಸುತ್ತದೆ. ಪಿ53, ಆರ್‌ಬಿ1 ಎರಡೂ ಹೋದ ಕೆಲವು ಗಂತಿಗಳಲ್ಲಿ ಪ್ರೋಸ್ಟೇಟ್‌ನ ಜೀನ್‌ಗಳು ಆರಿ, ನರಕೋಶಗಳಿಗೆ ಸೇರಿದ ಜೀನ್‌ಗಳು ಬೆಳಗುತ್ತವೆ. ಆಗ ಹಾರ್ಮೋನು ತಡೆಯಿಂದ ಉಪಯೋಗವಿಲ್ಲ. ಪಿಎಸ್‌ಎ ಜೀನೂ ಆರಿರುವುದರಿಂದ ರಕ್ತಪರೀಕ್ಷೆಯಲ್ಲಿ ಅಂಕ ಕಡಿಮೆಯೇ ಇರುತ್ತದೆ, ರೋಗ ಮಾತ್ರ ಹಬ್ಬುತ್ತಿರುತ್ತದೆ. ಮೇಲಿನ ನೇರ ಗೆರೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಈ ತಿಳಿವಳಿಕೆಯಿಂದ ಹುಟ್ಟಿದ ಪರೀಕ್ಷೆಗಳು ಈಗ ಬಳಕೆಯಲ್ಲಿವೆ. ಡೆಸೈಫರ್ ಎಂಬ ಪರೀಕ್ಷೆ 22 ಜೀನ್‌ಗಳ ಚಟುವಟಿಕೆಯನ್ನು ಅಳೆದು, ಸೊನ್ನೆಯಿಂದ ಒಂದರವರೆಗಿನ ಒಂದು ಅಂಕ ಕೊಡುತ್ತದೆ. ಅಂಕ ಹೆಚ್ಚಾದಷ್ಟೂ ಹರಡುವ ಸಂಭವ ಹೆಚ್ಚು. ಗ್ಲೀಸನ್ ಅಂಕ ಒಂದೇ ಆಗಿರುವ ಇಬ್ಬರಲ್ಲಿ ಯಾರನ್ನು ನಿಗಾದಲ್ಲಿಡಬಹುದು ಎಂದು ತೀರ್ಮಾನಿಸಲು ಇದು ನೆರವಾಗುತ್ತದೆ. ಖರ್ಚು ಸಣ್ಣದಲ್ಲ. ಇನ್ನೊಂದು ತೊಡಕು ಮಾದರಿಯದು. ಒಂದೇ ಪ್ರೋಸ್ಟೇಟ್‌ನಲ್ಲಿ ಎರಡು ಮೂರು ಗಂತಿಗಳು ಬೇರೆಬೇರೆಯಾಗಿ ಹುಟ್ಟಿ, ಅವುಗಳ ಜೀನ್ ಚಟುವಟಿಕೆಯೂ ಬೇರೆಯಾಗಿರುವುದುಂಟು. ಸೂಜಿ ಸಾಧು ಗಂತಿಯನ್ನು ಚುಚ್ಚಿ ಉಗ್ರವಾದುದನ್ನು ತಪ್ಪಿಸಿಕೊಂಡರೆ 22 ಜೀನ್‌ಗಳೂ ಒಕ್ಕೊರಲಿನಿಂದ ತಪ್ಪು ಉತ್ತರ ಕೊಡುತ್ತವೆ. ಆದ್ದರಿಂದ ಈಗ ಮೊದಲು ಎಂಆರ್‌ಐ ಚಿತ್ರ ತೆಗೆದು, ಅನುಮಾನ ಬಂದ ಜಾಗಕ್ಕೇ ಗುರಿಯಿಟ್ಟು ಸೂಜಿ ಹಾಕುವ ಕ್ರಮ ರೂಢಿಗೆ ಬಂದಿದೆ.