ತಾಳಕ್ಕೆ ಬಿಗಿದ ಗಡಿಯಾರ

ಕಾರವಾರ ತಾಲೂಕಿನ ಕಾಡಿನ ನಡುವೆ, ಕಾಳಿ ನದಿಯ ದಂಡೆಯಲ್ಲಿರುವ ಕೈಗಾ ಅಣು ವಿದ್ಯುತ್ ಕೇಂದ್ರದ ಒಂದನೇ ಘಟಕವನ್ನು 2018ರ ಡಿಸೆಂಬರ್ 31ರಂದು ನಿಲ್ಲಿಸಿದಾಗ ಅದು ಸತತ 962 ದಿನ ಓಡಿತ್ತು. ಆಗ ಅದು ವಿಶ್ವದಾಖಲೆ; 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಘಟಕವೊಂದು ಅದನ್ನು ಮೀರಿಸಿತು. ದಾಖಲೆಗಿಂತ ಸೋಜಿಗದ ಸಂಗತಿ ಬೇರೆಯೇ ಇದೆ. ಅಷ್ಟೂ ದಿನ ಆ ಜನರೇಟರು ಗ್ರಿಡ್ಡಿನ 50 ಹರ್ಟ್ಸ್ ತಾಳಕ್ಕೆ ಒಂದು ಹೆಜ್ಜೆಯೂ ತಪ್ಪದೆ ತಿರುಗಿತ್ತು!

ಜನರೇಟರನ್ನು ಗ್ರಿಡ್ಡಿಗೆ ಸೇರಿಸುವಾಗ ವೋಲ್ಟೇಜು, ಆವರ್ತನ, ಫೇಸ್ ಮೂರೂ ಹೊಂದಬೇಕು. ಫೇಸ್ ಎಂದರೆ ಅಲೆ ಆ ಕ್ಷಣದಲ್ಲಿ ತನ್ನ ಸುತ್ತಿನ ಯಾವ ಹಂತದಲ್ಲಿದೆ ಎಂಬುದು. ಅದು ಹೊಂದದಿದ್ದಾಗ ಸ್ವಿಚ್ ಒತ್ತಿದರೆ ದೈತ್ಯ ಶಾಫ್ಟಿಗೇ ಪೆಟ್ಟು ಬೀಳುತ್ತದೆ. ಸರಿಯಾಗಿ ಸೇರಿದ ಮೇಲೆ ಕಾಂತಬಲವೇ ಅದನ್ನು ಹೆಜ್ಜೆಯಲ್ಲಿ ಹಿಡಿದಿಡುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ಡು ಉಳಿದ ದೇಶದೊಡನೆ ಸೇರಿದಾಗಲೂ ನಿಯಮ ಇದೇ.

ಹಾಗಾದರೆ ಗೋಡೆಯ ಪ್ಲಗ್ಗಿನಲ್ಲಿ ಬರುವ 50 ಹರ್ಟ್ಸನ್ನೇ ಗಡಿಯಾರಕ್ಕೆ ಆಧಾರ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಮಾಡಿ ನೋಡಿ! ಗ್ರಿಡ್ಡು 49.90ಕ್ಕೆ ಇಳಿದು ಅಲ್ಲೇ ನಿಂತರೆ, ಗಡಿಯಾರ ಗಂಟೆಗೆ 7.2 ಸೆಕೆಂಡು ಹಿಂದೆ ಬೀಳುತ್ತದೆ. ಒಳ್ಳೆಯ ಆಧಾರಕ್ಕೆ ಕ್ವಾರ್ಟ್ಜ್ ಹರಳೋ ಪರಮಾಣು ಗಡಿಯಾರವೋ ಬೇಕು.

ನಮ್ಮ ಬಳಿ 10 ಮೆಗಾಹರ್ಟ್ಸಿನ ಒಳ್ಳೆಯ ಆಧಾರವಿದೆ, ಬೇಕಾದದ್ದು 100 ಮೆಗಾಹರ್ಟ್ಸ್ ಎನ್ನೋಣ. ವೋಲ್ಟೇಜಿನಿಂದ ವೇಗ ಬದಲಾಗುವ ಆಸಿಲೇಟರೊಂದನ್ನು 100ರ ಸುಮಾರಿನಲ್ಲಿ ಓಡಿಸಿ, ಅದರ ಅಲೆಯನ್ನು 10ರಿಂದ ಭಾಗಿಸಿ, ಆಧಾರದೊಡನೆ ಫೇಸ್ ಹೋಲಿಸಬೇಕು. ವ್ಯತ್ಯಾಸವನ್ನು ಫಿಲ್ಟರಿನಲ್ಲಿ ಸೋಸಿ, ಆಸಿಲೇಟರಿಗೇ ಆಜ್ಞೆಯಾಗಿ ಮರಳಿಸಬೇಕು. ಇದೇ ಫೇಸ್ ಲಾಕ್ಡ್ ಲೂಪ್. ಕೈಗಾದಲ್ಲಿ ಕಾಂತಬಲ ಮಾಡುವ ಕೆಲಸವನ್ನು ಇಲ್ಲಿ ಒಂದು ತಂತಿ ಮಾಡುತ್ತದೆ.

ಲಾಕ್ ಮಾಡುವುದು ಸುಲಭ, ಗದ್ದಲವಿಲ್ಲದೆ ಮಾಡುವುದು ಕಷ್ಟ. ಫಿಲ್ಟರ್ ಅಗಲವಾಗಿದ್ದರೆ ಆಸಿಲೇಟರು ಆಧಾರದ ಪ್ರತಿ ನಡುಕವನ್ನೂ ಅನುಕರಿಸುತ್ತದೆ. ಅದೂ 10ರಿಂದ ಗುಣಿಸಿದಾಗ ಫೇಸಿನ ಗದ್ದಲ 20 ಡೆಸಿಬೆಲ್ ಏರುತ್ತದೆ. ಕಿರಿದಾಗಿದ್ದರೆ ಆಸಿಲೇಟರಿನ ಸ್ವಂತ ಅಲೆದಾಟಕ್ಕೆ ಲಗಾಮಿಲ್ಲ. ಗುಣಿಸಿದ ಆಧಾರದ ಗದ್ದಲ ಮತ್ತು ಆಸಿಲೇಟರಿನ ಗದ್ದಲ, ಈ ಎರಡರ ರೇಖೆಗಳನ್ನು ಒಂದೇ ಹಾಳೆಯಲ್ಲಿ ಎಳೆದು, ಅವು ಒಂದನ್ನೊಂದು ದಾಟುವ ಕಡೆ ಲೂಪಿನ ಅಗಲವನ್ನು ಇಡುವುದು ವಾಡಿಕೆ. ಆಸಿಲೇಟರೂ ಹರಳಿನದೇ ಆಗಿದ್ದರೆ ಅದು ಸ್ವಭಾವತಃ ಶಾಂತ. ಆಗ ಲೂಪನ್ನು ತೀರ ಕಿರಿದಾಗಿಸಬಹುದು.

ನಮ್ಮ ಕಸುಬಿನದೇ ಉದಾಹರಣೆ ಹಳೆಯ ಪಾಲ್ ಪದ್ಧತಿಯ ಕಲರ್ ಟಿವಿ. ಪ್ರತಿ 64 ಮೈಕ್ರೋಸೆಕೆಂಡಿನ ಗೆರೆಯ ಆರಂಭದಲ್ಲಿ ಸುಮಾರು 10 ಅಲೆಗಳಷ್ಟೇ ಆಧಾರ ಬರುತ್ತಿತ್ತು. ಉಳಿದ ಗೆರೆಯುದ್ದಕ್ಕೂ ಸೆಟ್ಟಿನೊಳಗಿನ 4.43 ಮೆಗಾಹರ್ಟ್ಸ್ ಹರಳು ಆ ನೆನಪಿನ ಮೇಲೆಯೇ ನಡೆಯಬೇಕಿತ್ತು. ಆಂಟೆನಾದಲ್ಲಿ ಸಿಗ್ನಲ್ ಕ್ಷೀಣಿಸಿ ಚಿತ್ರದಲ್ಲಿ ಹಿಮ ಸುರಿಯುತ್ತಿದ್ದಾಗಲೂ ಬಣ್ಣ ಒಂದಿಷ್ಟು ನಿಲ್ಲುತ್ತಿದ್ದುದು ಕಿರಿದಾದ ಲೂಪಿನ ಪುಣ್ಯದಿಂದ.

ಇನ್ನೊಂದು ಮಾತು, ಪ್ರಯೋಗಶಾಲೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಆಸಿಲೇಟರಿಗೆ ಆಜ್ಞೆ ಒಯ್ಯುವ ತಂತಿಗೆ ಒಂದು ಮಿಲಿವೋಲ್ಟಿನ ಮಿಡಿತ ಸೇರಿದರೂ ಅದು ಅಲೆಯ ಮೇಲೆ ಅಚ್ಚೊತ್ತುತ್ತದೆ. ಆದ್ದರಿಂದ ಆಸಿಲೇಟರಿಗೆ ಪ್ರತ್ಯೇಕ ರೆಗ್ಯುಲೇಟರ್ ಕೊಡಿ, ಆ ತಂತಿಯನ್ನು ಗಿಡ್ಡವಾಗಿಡಿ, ಟ್ರಾನ್ಸ್‌ಫಾರ್ಮರಿನಿಂದ ದೂರ ಒಯ್ಯಿರಿ. ಇಲ್ಲವಾದರೆ ಸ್ಪೆಕ್ಟ್ರಮ್ ಅನಲೈಸರಿನ ಪರದೆಯಲ್ಲಿ ನಿಮ್ಮ 100 ಮೆಗಾಹರ್ಟ್ಸಿನ ಎರಡೂ ಮಗ್ಗುಲಿಗೆ, ಸರಿಯಾಗಿ 50 ಹರ್ಟ್ಸ್ ದೂರದಲ್ಲಿ, ಎರಡು ಸಣ್ಣ ಮುಳ್ಳುಗಳು ಏಳುತ್ತವೆ: ಕೈಗಾದ ಜನರೇಟರು ಹೆಜ್ಜೆ ಹಾಕುವ ಅದೇ ತಾಳ.