ನೆರೆ ಇಳಿದರೂ ಬಿಡದ ಬೂಷ್ಟು: ಗೋಡೆ ಒರೆಸುವ ಮೊದಲು ಇಷ್ಟು ತಿಳಿದಿರಲಿ

ಕಾಸರಗೋಡು: ಹೊಳೆ ಉಕ್ಕಿ ಅಂಗಳಕ್ಕೆ ನೀರು ಬಂದರೆ ನೋಡುವುದಕ್ಕೆ ಜನ ಸೇರುತ್ತಾರೆ. ನೀರು ಇಳಿದ ಮೇಲೆ ಯಾರೂ ಬರುವುದಿಲ್ಲ. ಆಗ ಬರುವುದು ಬೂಷ್ಟು ಮಾತ್ರ. ಮೊದಲು ಗೋಡೆಯ ಬುಡದಲ್ಲಿ ಹಸಿರು ಮಚ್ಚೆ, ಆಮೇಲೆ ಕಪಾಟಿನ ಹಿಂದೆ ಕಪ್ಪು ಚುಕ್ಕಿ, ಕೊನೆಗೆ ಮನೆಯಿಡೀ ಮುಗ್ಗಲು ವಾಸನೆ. ನೆರೆಮನೆಯ ಮಲಯಾಳಿಗಳು ಇದನ್ನೇ ‘ಪೂಪ್ಪಲ್’ ಎನ್ನುತ್ತಾರೆ. ಹೆಸರು ಯಾವುದಾದರೇನು, ಗಡಿನಾಡಿನ ಎಲ್ಲ ಮನೆಗಳಿಗೂ ಉಪದ್ರ ಒಂದೇ.

ಮಧುವಾಹಿನಿ ಹೊಳೆ ಉಕ್ಕಿ ಮಧೂರು ದೇವಸ್ಥಾನದ ಅಂಗಳಕ್ಕೆ ನೀರು ನುಗ್ಗಿದ್ದನ್ನು ಈ ಭಾಗದವರು ಹಲವು ಮಳೆಗಾಲಗಳಲ್ಲಿ ಕಂಡಿದ್ದಾರೆ. 2019ರ ಆಗಸ್ಟ್‌ನಲ್ಲಿ ಜಿಲ್ಲೆಯ ಹೊಳೆಗಳು ಉಕ್ಕಿ ಹರಿದಾಗ ಹಲವು ಕುಟುಂಬಗಳು ಮನೆ ಬಿಟ್ಟು ಶಿಬಿರ ಸೇರಬೇಕಾಯಿತು. ನೆರೆ ಬಾರದ ಮನೆಗಳಿಗೂ ನೆಮ್ಮದಿಯಿಲ್ಲ. ಹಂಚು ಸೋರಿದರೂ, ಟೆರೇಸಿನಲ್ಲಿ ಬಿರುಕು ಬಿಟ್ಟರೂ ಆಟಿ ತಿಂಗಳು ಮುಗಿಯುವುದರೊಳಗೆ ಗೋಡೆ ಬಣ್ಣ ಬದಲಿಸಿರುತ್ತದೆ.

ಎರಡು ದಿನವೇ ಲೆಕ್ಕ

ಬೂಷ್ಟು ಎಂದರೆ ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಅವಕ್ಕೆ ಬೇಕಾದುದು ತೇವ ಮತ್ತು ತಿನ್ನಲು ಮರ, ಕಾಗದ, ಬಟ್ಟೆ ಅಥವಾ ಧೂಳು. ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಬೇರು ಬಿಟ್ಟಿತೆಂದೇ ಲೆಕ್ಕ. ‘ಮಳೆ ಬಿಡ್ಲಿ, ಮತ್ತೆ ನೋಡುವ’ ಎಂದು ಕೂತರೆ ಕೆಲಸ ಕೈಮೀರುತ್ತದೆ.

ಮನೆಯೊಳಗೆ ಕಾಲಿಡುವ ಮೊದಲು ಮೈನ್ ಸ್ವಿಚ್ ಆಫ್ ಆಗಿದೆಯೇ ನೋಡಿಕೊಳ್ಳಿ. ಒದ್ದೆಯಾದ ವಯರಿಂಗನ್ನು ಬಲ್ಲವರು ಪರೀಕ್ಷಿಸದೆ ಫ್ಯಾನ್ ಹಾಕಬಾರದು. ಆಮೇಲೆ ಕಿಟಕಿ, ಬಾಗಿಲು ತೆರೆದಿಟ್ಟು ಕಪಾಟು, ಮಂಚಗಳನ್ನು ಗೋಡೆಯಿಂದ ದೂರ ಎಳೆಯಿರಿ. ಬೂಷ್ಟು ಮೊದಲು ಹತ್ತುವುದು ಗಾಳಿಯಾಡದ ಆ ಸಂದಿಯಲ್ಲೇ.

ಹಿಡಿಸೂಡಿಯಿಂದ ಗುಡಿಸಬೇಡಿ

ಒಣಗಿದ ಬೂಷ್ಟನ್ನು ಹಿಡಿಸೂಡಿಯಿಂದ ಉಜ್ಜುವುದು ಹಲವರು ಮಾಡುವ ತಪ್ಪು. ಇದರಿಂದ ಬೀಜಕಣಗಳು ಮನೆಯಿಡೀ ಹಾರುತ್ತವೆ, ಮೂಗಿಗೂ ಹೋಗುತ್ತವೆ. ಮಾಸ್ಕ್, ಕೈಗವಸು ಹಾಕಿ, ಜಾಗವನ್ನು ಒದ್ದೆ ಮಾಡಿ, ಸೋಪಿನ ನೀರಿನಿಂದ ತಿಕ್ಕಿ ತೊಳೆಯಬೇಕು. ಸಿಮೆಂಟು ನೆಲ, ಟೈಲ್ಸ್ ಇದ್ದಲ್ಲಿ ಬಳಿಕ ಬ್ಲೀಚಿಂಗ್ ಪೌಡರಿನ ನೀರು ಹಾಕಬಹುದು. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಪುಡಿ ಕಲಸಿ, ಮೇಲಿನ ತಿಳಿಯನ್ನು ಬಳಸಿ ಅರ್ಧ ಗಂಟೆ ಬಿಟ್ಟು ತೊಳೆದರಾಯಿತು.

ಒಂದು ಎಚ್ಚರಿಕೆ. ಬ್ಲೀಚಿಂಗ್ ಪೌಡರನ್ನು ಕಕ್ಕಸು ತೊಳೆಯುವ ಆಸಿಡ್ ಜೊತೆಗಾಗಲಿ, ಅಮೋನಿಯಾ ಇರುವ ದ್ರಾವಣದ ಜೊತೆಗಾಗಲಿ ಸೇರಿಸಲೇಬಾರದು. ಅದರಿಂದ ಹುಟ್ಟುವ ವಿಷಾನಿಲ ಬೂಷ್ಟಿಗಿಂತ ಅಪಾಯ. ಉಬ್ಬಸ ಇರುವವರು, ಸಣ್ಣ ಮಕ್ಕಳು, ವಯಸ್ಸಾದವರು ಈ ಕೆಲಸದ ಹೊತ್ತಿಗೆ ಮನೆಯಿಂದ ಹೊರಗಿರಲಿ. ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಡಾಕ್ಟರಿಗೆ ತೋರಿಸಬೇಕು.

ಬಿಸಾಡಲು ಮನಸ್ಸು ಬಾರದಿದ್ದರೂ

ಹತ್ತಿಯ ಹಾಸಿಗೆ, ದಿಂಬು, ನೆರೆನೀರು ಕುಡಿದ ಪ್ಲೈವುಡ್ ಇವುಗಳ ಒಳಗೆ ಹೊಕ್ಕ ಬೂಷ್ಟು ತೊಳೆದರೆ ಹೋಗುವುದಿಲ್ಲ. ಮದುವೆಗೆ ಕೊಟ್ಟ ಹಾಸಿಗೆಯಾದರೂ ಆಸೆ ಬಿಡುವುದೇ ಒಳ್ಳೆಯದು. ಗಟ್ಟಿ ಮರದ ಸಾಮಾನನ್ನು ಮಾತ್ರ ತೊಳೆದು ಒಣಗಿಸಿ ಉಳಿಸಿಕೊಳ್ಳಬಹುದು.

ತಿನ್ನುವ ವಸ್ತುವಿನ ವಿಷಯದಲ್ಲಂತೂ ದಾಕ್ಷಿಣ್ಯ ಬೇಡ. ಬೂಷ್ಟು ಬಂದ ಕೊಬ್ಬರಿ, ನೆಲಗಡಲೆ, ಕುಚ್ಚಿಲಕ್ಕಿಯನ್ನು ತೊಳೆದು ಬಿಸಿಲಿಗೆ ಹಾಕಿದರೆ ಮೇಲಿನ ಬಣ್ಣ ಹೋಗಬಹುದು, ಒಳಗಿನ ಅಫ್ಲಾಟಾಕ್ಸಿನ್ ಎಂಬ ವಿಷ ಹೋಗುವುದಿಲ್ಲ. ಕುದಿಸಿದರೂ ಅದು ಪೂರ್ತಿ ನಾಶವಾಗದು. ‘ನಮಗೆ ಬೇಡ, ದನಕ್ಕಾದ್ರೂ ಆಗ್ತದೆ’ ಎಂದು ಬೂಷ್ಟು ಹಿಡಿದ ಹಿಂಡಿಯನ್ನು ಹಟ್ಟಿಗೆ ಹಾಕಿದರೆ ಆ ವಿಷ ಹಾಲಿನ ಮೂಲಕ ಮತ್ತೆ ನಮ್ಮ ಲೋಟಕ್ಕೇ ಬರುತ್ತದೆ.

ಕಾಗದಪತ್ರ ಜೋಪಾನ

ಹಾಸಿಗೆ ಹೋದರೆ ಇನ್ನೊಂದು ತರಬಹುದು. ಟ್ರಂಕಿನ ತಳದಲ್ಲಿರುವ ಹಳೆಯ ಕಾಗದಗಳ ಮಾತು ಹಾಗಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಕಾಲದ ಕನ್ನಡ ದಸ್ತಾವೇಜು, ಪಾಲುಪಟ್ಟಿ, ಶಾಲೆಯ ಸರ್ಟಿಫಿಕೇಟುಗಳು ಇಂದಿಗೂ ಹಲವು ಮನೆಗಳಲ್ಲಿವೆ. ಜಾಗದ ತಕರಾರು ಬಂದಾಗ ಕೈಹಿಡಿಯುವುದು ಅವೇ. ಅಜ್ಜ ಯಾವ ಶಾಲೆಯಲ್ಲಿ ಯಾವ ಭಾಷೆ ಕಲಿತರು ಎಂಬುದಕ್ಕೆ ಮೊಮ್ಮಕ್ಕಳಿಗೆ ಉಳಿದ ಸಾಕ್ಷಿಯೂ ಅವೇ.

ಒದ್ದೆ ಕಾಗದಗಳನ್ನು ಅವಸರದಲ್ಲಿ ಬಿಡಿಸಿದರೆ ಹರಿದುಹೋಗುತ್ತವೆ. ಇಸ್ತ್ರಿಪೆಟ್ಟಿಗೆಯೂ ಬೇಡ, ಸುಡುಬಿಸಿಲೂ ಬೇಡ. ನಡುನಡುವೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು, ಅದು ತೇವ ಹೀರಿದಂತೆ ಬದಲಿಸುತ್ತಾ ನೆರಳಿನ ಗಾಳಿಯಲ್ಲಿ ಒಣಗಿಸಬೇಕು. ಒಮ್ಮೆಲೇ ರಾಶಿ ಕಾಗದ ಒದ್ದೆಯಾಗಿದ್ದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಸರಿನಲ್ಲಿಡಬಹುದು. ಅಲ್ಲಿ ಬೂಷ್ಟು ಬೆಳೆಯುವುದಿಲ್ಲ, ಪುರುಸೊತ್ತಿನಲ್ಲಿ ಒಂದೊಂದಾಗಿ ತೆಗೆದು ಒಣಗಿಸಿದರಾಯಿತು. ನೋಂದಾಯಿತ ದಸ್ತಾವೇಜು ಹಾಳಾಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. ಎಲ್ಲಕ್ಕಿಂತ ಸುಲಭದ ದಾರಿ, ಮಳೆಗಾಲಕ್ಕೆ ಮೊದಲೇ ಎಲ್ಲದರ ಫೋಟೋ ತೆಗೆದು ಊರ ಹೊರಗಿರುವ ಮಕ್ಕಳಿಗೂ ಒಂದು ಪ್ರತಿ ಕಳಿಸಿಡುವುದು.

ಹಳೆಮನೆಯ ಪಾಠ

ಮುರಕಲ್ಲಿನ ಹಳೆಮನೆಗಳಲ್ಲಿ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಕ್ಷಾರ ಬೂಷ್ಟಿಗೆ ಆಗದು, ಗೋಡೆಯ ತೇವ ಹೊರಹೋಗಲೂ ಅದು ಅಡ್ಡಿಯಿಲ್ಲ. ಹಂಚಿನ ಸಂದಿಯಲ್ಲಿ ಗಾಳಿಯಾಡುತ್ತಿತ್ತು, ಒಲೆಯ ಬಿಸಿಗೆ ಅಟ್ಟ ಒಣಗಿರುತ್ತಿತ್ತು. ಈಗ ಟೆರೇಸ್ ಮನೆ, ಮುಚ್ಚಿದ ಕಿಟಕಿ, ಹೊಳೆಯುವ ಪೈಂಟು. ಮನೆಯೊಳಗೇ ಬಟ್ಟೆ ಒಣಗಿಸುವುದೂ ಇದೆ. ಬೂಷ್ಟಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಬೂಷ್ಟಿನ ಮೇಲೆಯೇ ಹೊಸ ಪೈಂಟು ಬಳಿದರೆ ಮುಂದಿನ ಮಳೆಗೆ ಅದು ಪೈಂಟನ್ನೇ ಎಬ್ಬಿಸಿಕೊಂಡು ಹೊರಬರುತ್ತದೆ. ಮೊದಲು ನೀರು ಬರುವ ದಾರಿ ಮುಚ್ಚಬೇಕು, ಆಮೇಲೆ ಗೋಡೆ ಪೂರ್ತಿ ಒಣಗಬೇಕು, ಬಣ್ಣದ ಮಾತು ಕೊನೆಗೆ. ಓಣಂ, ದೀಪಾವಳಿಗೆ ಮನೆ ಚಂದ ಕಾಣಬೇಕೆಂಬ ಅವಸರದಲ್ಲಿ ಈ ಕ್ರಮ ತಪ್ಪದಿದ್ದರೆ, ಮುಂದಿನ ಆಟಿಯಲ್ಲಿ ಅದೇ ಗೋಡೆಯನ್ನು ಮತ್ತೆ ತಿಕ್ಕುವ ಕೆಲಸ ಉಳಿಯುತ್ತದೆ.